ಬಿಸಿಯಾದರೆ ನಿಲ್ಲುತ್ತಿದ್ದ ಯೆಜ್ಡಿ 250: ನನ್ನ ಅನುಭವ

ಕಾಲೇಜು ದಿನಗಳಲ್ಲಿ ಓಡಿಸಿ ಮಾರಿದ್ದ ಯೆಜ್ಡಿ 250 ಗಾಡಿಯನ್ನೇ ಮತ್ತೆ ಕೊಂಡು ರಿಪೇರಿ ಮಾಡಿದೆ. ಹತ್ತು ಕಿಲೋಮೀಟರ್ ಹೋದರೆ ಆಫ್. ಅರ್ಧ ಗಂಟೆ ತಣ್ಣಗಾದ ಮೇಲೆ ಒಂದೇ ಕಿಕ್‌ಗೆ ಸ್ಟಾರ್ಟ್.

ಕಾರ್ಬ್ಯುರೇಟರ್ ತೊಳೆದೆ, ಪ್ಲಗ್ ಬದಲಿಸಿದೆ, ಟ್ಯಾಂಕ್ ಮುಚ್ಚಳದ ಗಾಳಿ ತೂತು ಬಿಡಿಸಿದೆ. ಪ್ರಯೋಜನ ಆಗಲಿಲ್ಲ. ಸರಿ ಇದ್ದ ಕಾಯಿಲ್ (ಪ್ಲಗ್‌ನ ಕಿಡಿಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಅನ್ನೂ ಸುಮ್ನೆ ಬದಲಿಸಿದೆ. ಕೊನೆಗೆ ದೋಷ ಸಿಕ್ಕಿದ್ದು ಕಂಡೆನ್ಸರ್‌ನಲ್ಲಿ, ಅಂದರೆ ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಸಣ್ಣ ಭಾಗದಲ್ಲಿ. ನಿಮಗೂ ಹೀಗಾದರೆ ಹೀಗೆ ಮಾಡಿ.

ಗಾಡಿ ನಿಂತ ಕೂಡಲೇ, ಬಿಸಿ ಇರುವಾಗಲೇ, ಬಲಗಡೆಯ ಕವರ್ ತೆಗೆದು ಕತ್ತಲಲ್ಲಿ ಕಿಕ್ ಹೊಡೆದು ನೋಡಿ. ಪಾಯಿಂಟ್‌ನಲ್ಲಿ (ಕಾಯಿಲ್‌ನ ಕರೆಂಟ್ ಕೂಡಿಸಿ ಕಡಿಯುವ ಸ್ವಿಚ್) ದೊಡ್ಡ ಕಿಡಿ ಹಾರಿದರೆ ಕಂಡೆನ್ಸರ್ ಹೋಗಿರುವ ಸಾಧ್ಯತೆ ಹೆಚ್ಚು. ಹೊಸದನ್ನು ಹಳೇ ಜಾಗಕ್ಕೆ ಹಾಕಬೇಡಿ, ಅಲ್ಲಿ ಎಂಜಿನ್ ಬಿಸಿ ಜಾಸ್ತಿ. ಹಳೆಯದನ್ನು ಕಳಚಿ, ಹೊಸದನ್ನು ಕಾಯಿಲ್ ಹತ್ತಿರ ಚಾಸಿಗೆ ಬಿಗಿಯಿರಿ. ಅದರ ವೈರನ್ನು ಪಾಯಿಂಟ್‌ನಿಂದ ಕಾಯಿಲ್‌ಗೆ ಬರುವ ವೈರಿಗೇ ಸೇರಿಸಿ. ಅದು ಕೂರುವ ಜಾಗದ ಪೇಂಟ್ ಕೆರೆಯಿರಿ, ಇಲ್ಲದಿದ್ದರೆ ಅರ್ಥ್ ಸಿಗುವುದಿಲ್ಲ. ಪಾಯಿಂಟ್ ಉಜ್ಜಿ, ಗ್ಯಾಪ್ 0.4 ಮಿ.ಮೀ. ಇಡಿ. ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಸಮಯ) ಆಮೇಲೆ ಹೊಂದಿಸಿ, ಗ್ಯಾಪ್ ಬದಲಾದರೆ ಅದೂ ಬದಲಾಗುತ್ತದೆ.