ಹದಿನೈದು ನಿಮಿಷದ ಆರೈಕೆಯನ್ನು ನಾವು ಬಿಟ್ಟ ಬಗೆ

ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ನಾನು ಕಮಿಷನಿಂಗ್ ಕೆಲಸ ಮಾಡುತ್ತೇನೆ. ವಯಸ್ಸಾದವರಿಗೆ, ಅಂಗವಿಕಲರಿಗೆ ಮನೆಯಲ್ಲೇ ಆರೈಕೆ ಕೊಡಲು ಯಾವ ಸಂಸ್ಥೆಯನ್ನು ಗೊತ್ತು ಮಾಡಬೇಕು, ಎಷ್ಟು ದುಡ್ಡು ಕೊಡಬೇಕು, ಏನೇನು ಷರತ್ತು ಹಾಕಬೇಕು ಅಂತ ತೀರ್ಮಾನಿಸುವುದು, ಆಮೇಲೆ ಅದು ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ಇಲ್ಲಿ ಆಸ್ಪತ್ರೆಯ ಖರ್ಚು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನದು, ರೋಗಿಗೆ ಉಚಿತ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು ಕೌನ್ಸಿಲ್‌ ಪಾಲಿಗೆ ಬರುತ್ತದೆ. ಅದೂ ಅವರ ಆದಾಯ, ಉಳಿತಾಯ ನೋಡಿಕೊಂಡು. ಮನುಷ್ಯ ಒಬ್ಬರೇ, ಖಾತೆ ಎರಡು. ನಮ್ಮ ತಲೆನೋವು ಜಾಸ್ತಿ ಶುರುವಾಗುವುದು ಇಲ್ಲೇ.

ಹಳೆಯ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಾಗ ಹೊಸದನ್ನು ಬರೆಯುವ ಜವಾಬ್ದಾರಿ ನನಗೆ ಬಂತು. ಎಲ್ಲರೂ ಮಾಡುವಂತೆ ಮೊದಲು ಜೆಎಸ್‌ಎನ್‌ಎ ತೆಗೆದು ಕೂತೆ. ಸ್ಥಳೀಯರಿಗೆ ಯಾವ ಆರೋಗ್ಯ ಸೇವೆ, ಯಾವ ಆರೈಕೆ ಬೇಕು ಅಂತ ಕೌನ್ಸಿಲ್ ಮತ್ತು ಎನ್‌ಎಚ್‌ಎಸ್ ಸೇರಿ ತಯಾರಿಸುವ ವರದಿ ಅದು. ಯಾವ ವಾರ್ಡ್‌ನಲ್ಲಿ ಎಷ್ಟು ಜನ ಎಂಬತ್ತು ದಾಟಿದ್ದಾರೆ, ಎಷ್ಟು ಜನ ಒಂಟಿಯಾಗಿದ್ದಾರೆ ಅನ್ನುವುದೆಲ್ಲ ಅದರಲ್ಲಿ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ಆ ಮನೆಯೊಳಗೆ ಏನಾಗುತ್ತದೆ ಅನ್ನುವುದು ಮಾತ್ರ ಸಿಗುವುದಿಲ್ಲ. ಅದಕ್ಕೇ ಮನೆಯವರ ಒಪ್ಪಿಗೆ ಪಡೆದು, ಕೇರರ್‌ಗಳ ಜೊತೆ ನಾನೂ ರೌಂಡ್ ಹೋದೆ.

ಒಬ್ಬ ಕೇರರ್ ಫೋನಿನಲ್ಲಿದ್ದ ತನ್ನ ಡ್ಯೂಟಿ ಪಟ್ಟಿ ತೋರಿಸಿದಳು. ಏಳರಿಂದ ಏಳೂಕಾಲು ಒಂದು ಮನೆ. ಏಳೂಕಾಲರಿಂದ ಏಳೂವರೆ ಇನ್ನೊಂದು ಮನೆ, ಊರಿನ ಆ ತುದಿಯಲ್ಲಿ. ದಾರಿಗೆ ಅಂತ ಒಂದು ನಿಮಿಷವೂ ಇಲ್ಲ. ಮೊದಲ ಮನೆಯ ಹಿರಿಯರಿಗೆ ಪಾರ್ಕಿನ್ಸನ್. ಆ ಕಾಯಿಲೆಯಲ್ಲಿ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಲೇಬೇಕು, ತಡವಾದರೆ ಕೈಕಾಲು ಆಡುವುದೇ ಕಷ್ಟ. ಅವರು ಎದ್ದು ಹಾಸಿಗೆಯ ಅಂಚಿಗೆ ಕೂತು, ಕಾಲು ಊರಿ ನಿಲ್ಲುವಷ್ಟರಲ್ಲೇ ಹದಿನೈದು ನಿಮಿಷದಲ್ಲಿ ಬಹುಪಾಲು ಮುಗಿದಿತ್ತು. ಮುಖ ತೊಳೆಸಲಾ, ತಿಂಡಿ ಕೊಡಲಾ? ಎರಡರಲ್ಲಿ ಒಂದೇ ಆಗುವುದು. ಇದರಲ್ಲಿ ಅವಳ ತಪ್ಪೇನಿದೆ? ಕಾಲು ಗಂಟೆಯ ಲೆಕ್ಕ ಬಂದದ್ದು ಕಾಂಟ್ರಾಕ್ಟ್‌ನಿಂದ.

ಆರೋಗ್ಯ ಸೇವೆ, ಆರೈಕೆ ಹೇಗಿರಬೇಕು ಅಂತ ಮಾರ್ಗಸೂಚಿ ಬರೆಯುವ ಸಂಸ್ಥೆ ನೈಸ್ 2015ರಲ್ಲೇ ಮನೆ ಆರೈಕೆಯ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಭೇಟಿ ಅರ್ಧ ಗಂಟೆಗಿಂತ ಕಡಿಮೆ ಇರಬೇಕಾದರೆ, ಬರುವ ಕೇರರ್‌ಗೆ ಆ ವ್ಯಕ್ತಿಯ ಪರಿಚಯ ಇರಬೇಕು. ದಿನದಲ್ಲಿ ಬೇರೆ ಭೇಟಿಗಳೂ ಇರಬೇಕು. ಮಾತ್ರೆ ತಗೊಂಡರಾ ಅಂತ ನೋಡುವಂಥ ಗೊತ್ತಾದ ಸಣ್ಣ ಕೆಲಸಕ್ಕಷ್ಟೇ ಅದು ಸರಿ. ನಾನು ಇದನ್ನೇ ಷರತ್ತಾಗಿ ಬರೆದೆ.

ಬರೆಯುವುದು ಸುಲಭ, ದುಡ್ಡು ಎಲ್ಲಿಂದ? ಸಂಸ್ಥೆಗಳನ್ನು ಕರೆಸಿ ಒಂದು ಗಂಟೆಯ ಆರೈಕೆಗೆ ಏನೇನು ಖರ್ಚಾಗುತ್ತದೆ ಅಂತ ಬಿಡಿಸಿ ಬರೆದೆವು. ಸಂಬಳ, ದಾರಿಯ ಹೊತ್ತು, ಪೆಟ್ರೋಲು, ರಜೆಯ ಸಂಬಳ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ, ತರಬೇತಿ, ಆಫೀಸು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತೂ ಇಲ್ಲಿನ ಕಾನೂನಿನ ಪ್ರಕಾರ ಕನಿಷ್ಠ ವೇತನದ ಲೆಕ್ಕಕ್ಕೆ ಸೇರುತ್ತದೆ. ನಮ್ಮ ದರ ಅದಕ್ಕೆ ಸಾಲದಿದ್ದರೆ ಕೊನೆಗೆ ಕತ್ತರಿ ಬೀಳುವುದು ಕೇರರ್‌ನ ಜೇಬಿಗೆ. ಆಮೇಲೆ ಅವಳು ಸೂಪರ್‌ಮಾರ್ಕೆಟ್ ಕೆಲಸಕ್ಕೆ ಹೋಗುತ್ತಾಳೆ, ಹೋಗಬಾರದು ಅನ್ನೋಕೆ ಆಗುತ್ತಾ? ಅದಕ್ಕೇ ಟೆಂಡರ್‌ನಲ್ಲಿ ಬೆಲೆಯ ಪೈಪೋಟಿಯನ್ನೇ ತೆಗೆದೆವು. ದರ ನಾವೇ ಗೊತ್ತು ಮಾಡಿದೆವು. ಗುಣಮಟ್ಟಕ್ಕೆ ಮಾತ್ರ ಅಂಕ. ಈಗಲೂ ನಾನು ಇದನ್ನೇ ಬಲವಾಗಿ ಹೇಳುತ್ತೇನೆ. ಕಡಿಮೆ ಬೆಲೆಗೆ ಅಂಕ ಕೊಡುತ್ತಾ ಒಳ್ಳೆಯ ಆರೈಕೆ ಕೇಳಬಾರದು. 2014ರ ಕೇರ್ ಆ್ಯಕ್ಟ್‌ ಕೂಡ ಸ್ಥಳೀಯ ಆರೈಕೆ ಮಾರುಕಟ್ಟೆ ಗಟ್ಟಿಯಾಗಿ ಉಳಿಯುವಂತೆ ನೋಡಿಕೊಳ್ಳುವ ಹೊಣೆಯನ್ನು ಕೌನ್ಸಿಲ್‌ಗೇ ಕೊಟ್ಟಿದೆ.

ಹಣಕಾಸಿನವರು ಸುಮ್ನೆ ಒಪ್ಪಲಿಲ್ಲ, ಒಪ್ಪಬಾರದು ಕೂಡ. ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಮನೆಗೆ ಹೋಗಬಹುದು ಅಂತ ಡಾಕ್ಟರ್ ಹೇಳಿದ ಮೇಲೂ ವಾರ್ಡ್‌ನಲ್ಲೇ ಉಳಿದವರ ಪಟ್ಟಿಯನ್ನು ಡಿಸ್ಚಾರ್ಜ್ ತಂಡದ ಜೊತೆ ಕೂತು ಒಂದೊಂದಾಗಿ ನೋಡಿದೆವು. ಹೆಚ್ಚಿನವರು ಕಾಯುತ್ತಿದ್ದದ್ದು ಬೆಳಗಿನ ಭೇಟಿಗೆ, ಅದರಲ್ಲೂ ಎತ್ತಿ ಕೂರಿಸಲು ಇಬ್ಬರು ಕೇರರ್ ಒಟ್ಟಿಗೆ ಬರಬೇಕಾದ ಭೇಟಿಗೆ. ಹಾಸಿಗೆ ಖಾಲಿಯಾದರೆ ಲಾಭ ಎನ್‌ಎಚ್‌ಎಸ್‌ಗೆ, ಖರ್ಚು ನಮಗೆ. ಹೀಗಾದರೆ ಯಾರೂ ಮುಂದೆ ಬರಲ್ಲ ಅಲ್ವಾ? 2006ರ ಎನ್‌ಎಚ್‌ಎಸ್ ಕಾಯ್ದೆಯ 75ನೇ ಸೆಕ್ಷನ್ ಇಬ್ಬರ ದುಡ್ಡನ್ನೂ ಒಂದೇ ಕಡೆ ಹಾಕಲು ದಾರಿ ಕೊಡುತ್ತದೆ. 2015ರಿಂದ ಬೆಟರ್ ಕೇರ್ ಫಂಡ್ ನಡೆಯುತ್ತಿರುವುದೂ ಹೀಗೆ ದುಡ್ಡು ಕೂಡಿಸಿಯೇ. ಅಲ್ಲಿಂದ ಬೆಳಗಿನ ಭೇಟಿಗಳಿಗೆ ಪಾಲು ಕೇಳಿದೆವು, ಸಿಕ್ಕಿತು.

ಈ ಒಪ್ಪಂದದಲ್ಲಿ ಒಂದು ಸಾಲು ಬಹಳ ಮುಖ್ಯ. ಖರ್ಚು ಅಂದಾಜು ಮೀರಿದರೆ ಯಾರು ಎಷ್ಟು ಕೊಡಬೇಕು? ಚೆನ್ನಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಎನ್‌ಎಚ್‌ಎಸ್ ಕಡೆಯಿಂದ ಸ್ಥಳೀಯ ಸೇವೆಗಳನ್ನು ಗೊತ್ತು ಮಾಡಲು 2013ರಲ್ಲಿ ಶುರುವಾದ ಕ್ಲಿನಿಕಲ್ ಕಮಿಷನಿಂಗ್ ಗ್ರೂಪ್‌ಗಳು 2022ರ ಜುಲೈನಲ್ಲಿ ಹೋಗಿ, ಅವುಗಳ ಜಾಗಕ್ಕೆ 42 ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗಳು ಬಂದವು. ಮಾತು ಕೊಟ್ಟವರ ಕುರ್ಚಿ ಬದಲಾಗುತ್ತದೆ, ಕಾಗದ ಉಳಿಯುತ್ತದೆ.

ಊರನ್ನು ಸಣ್ಣ ಸಣ್ಣ ವಲಯ ಮಾಡಿದೆವು. ಕೇರರ್ ನಡೆದೇ ಹೋಗುವಷ್ಟು ಹತ್ತಿರದ ಮನೆಗಳು. ವಲಯಕ್ಕೆ ಒಂದು ಮುಖ್ಯ ಸಂಸ್ಥೆ, ಬೆನ್ನಿಗೆ ಇನ್ನೊಂದು. ಎಲ್ಲವನ್ನೂ ಒಬ್ಬರಿಗೇ ಕೊಡಲು ಧೈರ್ಯ ಬರಲಿಲ್ಲ. 2011ರಲ್ಲಿ ಸದರ್ನ್ ಕ್ರಾಸ್ ಅನ್ನುವ ಕೇರ್ ಹೋಮ್ ಕಂಪನಿ ಕುಸಿದಾಗ ಸುಮಾರು 31,000 ಹಿರಿಯರು ಅವರ ಕೇರ್ ಹೋಮ್‌ಗಳಲ್ಲಿದ್ದರು. ಕಟ್ಟಡ ಮಾರಿ ಬಾಡಿಗೆಗೆ ಪಡೆದಿದ್ದ ಕಂಪನಿ ಏರುವ ಬಾಡಿಗೆ ಕಟ್ಟಲಾಗದೆ ಮುಳುಗಿತ್ತು. ಹಾಗೆ ಸಂಸ್ಥೆ ಬಾಗಿಲು ಹಾಕಿದರೆ, ಸ್ವಂತ ದುಡ್ಡು ಕೊಟ್ಟು ಆರೈಕೆ ಪಡೆಯುತ್ತಿದ್ದವರನ್ನೂ ತಾತ್ಕಾಲಿಕವಾಗಿ ನೋಡಿಕೊಳ್ಳುವ ಹೊಣೆ ಈಗ ಕೌನ್ಸಿಲ್‌ನದು.

ಅಂಕ ಕೊಡುವ ಸಮಿತಿಯಲ್ಲಿ ಆರೈಕೆ ಪಡೆಯುವವರನ್ನೂ ಕೂರಿಸಿದೆವು. ವೀಲ್‌ಚೇರ್‌ನಲ್ಲಿ ಬಂದ ಒಬ್ಬ ಹಿರಿಯ ಮಹಿಳೆ ಎಲ್ಲ ಸಂಸ್ಥೆಗೂ ಒಂದೇ ಪ್ರಶ್ನೆ ಕೇಳಿದರು. "ಭಾನುವಾರ ಬೆಳಿಗ್ಗೆ ನಿಮ್ಮವರು ಬರದಿದ್ದರೆ ನನಗೆ ಫೋನ್ ಮಾಡುವವರು ಯಾರು?" ಕೆಲವರು ತಮ್ಮ ಸಾಫ್ಟ್‌ವೇರ್ ಎಷ್ಟು ಚೆನ್ನಾಗಿದೆ ಅಂತ ವಿವರಿಸಿದರು. ಒಬ್ಬ ಮ್ಯಾನೇಜರ್ ಮಾತ್ರ ಭಾನುವಾರ ಡ್ಯೂಟಿಯಲ್ಲಿರುವವರ ಹೆಸರು ಹೇಳಿದರು. ಅವರ ಅಂಕ ಅಲ್ಲೇ ಏರಿತು.

ಮೇಲ್ವಿಚಾರಣೆಯಲ್ಲೂ ನಿಮಿಷ ಎಣಿಸುವುದನ್ನು ಹಿಂದಕ್ಕೆ ಹಾಕಿದೆವು. ಎರಡು ವಾರದಲ್ಲಿ ಒಂದು ಮನೆಗೆ ಎಷ್ಟು ಬೇರೆ ಬೇರೆ ಕೇರರ್‌ಗಳು ಬಂದರು? ಇದನ್ನು ಮೊದಲು ಕೇಳುತ್ತೇವೆ. ಇದು ನನಗೆ ಹೊಳೆದದ್ದು ಒಂದು ಮನೆಯ ಫ್ರಿಜ್ ನೋಡಿ. ಮರೆವಿನ ಕಾಯಿಲೆಯ ತಾಯಿಗೆ ಗುರುತು ಸಿಗಲಿ ಅಂತ ಮಗಳು ಕೇರರ್‌ಗಳ ಹೆಸರು ಬರೆದು ಅಂಟಿಸಿದ್ದಳು. ಪಟ್ಟಿ ಎರಡನೇ ಹಾಳೆಗೆ ಹೋಗಿತ್ತು.

ಊರಾಚೆಯ ಹಳ್ಳಿಗಳಿಗೆ ಈ ವಲಯದ ಏರ್ಪಾಡು ಒಗ್ಗಲಿಲ್ಲ. ಮನೆಗಳು ದೂರ, ಯಾವ ಸಂಸ್ಥೆಯೂ ಮುಂದೆ ಬರಲಿಲ್ಲ. ಅಲ್ಲಿ ಡೈರೆಕ್ಟ್ ಪೇಮೆಂಟ್ ಕೊಟ್ಟೆವು. ಕೌನ್ಸಿಲ್ ಕೊಡುವ ದುಡ್ಡಿನಲ್ಲಿ ಮನೆಯವರೇ ಹತ್ತಿರದ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಸಂಬಳದ ಲೆಕ್ಕ, ವಿಮೆ ನೋಡಿಕೊಳ್ಳಲು ಒಂದು ಸಹಾಯ ಸೇವೆಯನ್ನೂ ಜೊತೆಗೆ ಇಟ್ಟಿದ್ದೇವೆ. ರಾತ್ರಿ ಹೊತ್ತಿನ ಭೇಟಿಗಳಿಗೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಮನೆಗೇ ಬರುವ ಡಿಸ್ಟ್ರಿಕ್ಟ್ ನರ್ಸ್‌ಗಳ ರಾತ್ರಿ ಪಾಳಿಯ ಜೊತೆ ನಮ್ಮ ಕೇರರ್‌ಗಳನ್ನು ಸೇರಿಸುವ ಬಗ್ಗೆ ಈಗ ಮಾತುಕತೆ ನಡೆಯುತ್ತಿದೆ.