ಮುಧೋಳ ಮರಿಗೆ ಎಷ್ಟು ಓಟ ಸಾಕು? ನನ್ನ ಅನುಭವ

ನಮ್ಮ ನಾಯಿ ಚಿಗರಿಗೆ ಈಗ ಒಂದೂವರೆ ವರ್ಷ ದಾಟಿದೆ. ಮುಧೋಳ ಬೇಟೆ ನಾಯಿ ತಳಿ, ಹೆಣ್ಣು, ತೂಕ 21 ಕೆಜಿ ಆಸುಪಾಸು. ಮೊನ್ನೆ ಮುಂಗಾಲು, ಸೊಂಟ ಎರಡರದ್ದೂ ಎಕ್ಸ್‌ರೇ ತೆಗೆಸಿದೆ. ಗ್ರೋತ್ ಪ್ಲೇಟ್ (ಎಲುಬು ಬೆಳೆಯುವ ತುದಿ) ನೀಟಾಗಿ ಮುಚ್ಚಿಕೊಂಡಿದೆ, ಕೀಲು ಗಟ್ಟಿ. ಹಗಲೆಲ್ಲ ಮಲಗುತ್ತದೆ, ಸಂಜೆ ಯಾರ ಪ್ಯಾಂಟಿಗೂ ಬಾಯಿ ಹಾಕುವುದಿಲ್ಲ, ಸೋಫಾ ಇನ್ನೂ ಸೋಫಾ ಆಗಿಯೇ ಇದೆ. ಇದನ್ನು ಬರೆಯಲು ಒಂದೇ ಕಾರಣ. ನಾನು ಮರಿಯ ವ್ಯಾಯಾಮ ಕಮ್ಮಿ ಮಾಡಿದಾಗ ಧಾರವಾಡದಲ್ಲಿ ನನಗೆ ಗೊತ್ತಿರುವ ನಾಯಿ ಸಾಕುವವರಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಬ್ಯಾಟಿ ನಾಯಿ ತಂದು ಕೋಳಿ ಹಂಗ ಸಾಕಾಕತ್ತೀಯಲ್ಲೋ" ಅಂತ ಮುಖಕ್ಕೇ ಅಂದವರಿದ್ದಾರೆ. ಅವರಲ್ಲಿ ಇಬ್ಬರು ಈಗ ಫೋನ್ ಮಾಡಿ ನನ್ನ ಟೈಮ್ ಟೇಬಲ್ ಕೇಳುತ್ತಾರೆ.

ಮರಿ ತಂದದ್ದು ಮುಧೋಳದ ಹತ್ತಿರದ ಒಂದು ಹಳ್ಳಿಯಿಂದ, ಎರಡು ತಿಂಗಳ ಕೂಸು. 13 ಸಾವಿರ ಕೊಟ್ಟ ನೆನಪು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಹೆಸರು ಬರೆಸಿ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಈ ತಳಿಯ ಹೆಸರು ಹೇಳಿದ ಮೇಲೆ ಕೇಳುವವರು ಜಾಸ್ತಿ ಆಗಿದ್ದಾರೆ, ಚೌಕಾಸಿಗೆ ಜಾಗವಿಲ್ಲ. ಚಿಗರಿ ಅಂತ ಹೆಸರಿಟ್ಟದ್ದು ಮಗಳು. ನಮ್ಮ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು. ಸ್ಟಾಪಿನ ಹತ್ತಿರ ಕೂಗಿ ಕರೆದರೆ ಮೊದಲು ಜನ ತಿರುಗುತ್ತಾರೆ.

ಮೂರನೇ ಲಸಿಕೆ ಆಗುವವರೆಗೆ ಹೊರಗೆ ಇಳಿಸಲಿಲ್ಲ. ಮರಿಗಳ ಜೀವ ತೆಗೆಯುವ ಪಾರ್ವೊ ರೋಗದ ಭಯ ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ಶುರುವಾಯಿತು ನೋಡಿ. ಎಲ್ಲರದ್ದೂ ಒಂದೇ ಮಾತು: ಓಡಿಸು, ದಣಿಸು. ಬೆಳಿಗ್ಗೆ 3 ಕಿಲೋಮೀಟರ್, ಸಂಜೆ 3 ಕಿಲೋಮೀಟರ್, ಡಾಂಬರು ರಸ್ತೆ, ಕುತ್ತಿಗೆಗೆ ಹಗ್ಗ. ಮೊದಲ ವಾರ ಮರಿ ಮನೆಗೆ ಬಂದು ಬಿದ್ದುಕೊಳ್ಳುತ್ತಿತ್ತು. ನಾನು ಖುಷಿ. ತಿಂಗಳು ತುಂಬುವಷ್ಟರಲ್ಲಿ ಅದಕ್ಕೆ 6 ಕಿಲೋಮೀಟರ್ ಏನೂ ಅಲ್ಲ ಅನ್ನುವ ಹಾಗಾಯಿತು. ಸಂಜೆ ಏಳಕ್ಕೆ ಅಂಗಳದಲ್ಲಿ ಹುಚ್ಚು ಓಟ, ಮಗಳ ಪ್ಯಾಂಟಿನ ಕಾಲು ಹಿಡಿದು ಜಗ್ಗುವುದು, ಹೆಂಡತಿಯ ಸೀರೆ ಅಂಚು. ಹೆಚ್ಚು ಓಡಿಸಿದರೆ ನಾಯಿ ಸುಸ್ತಾಗುವುದಿಲ್ಲ, ಇನ್ನಷ್ಟು ಓಡುವ ತಾಕತ್ತು ಬರುತ್ತದೆ ಅಷ್ಟೇ.

ಅಷ್ಟಕ್ಕೇ ಬಿಡಲಿಲ್ಲ. ತಿಂಗಳಿಗೆ 2,500 ಕೊಟ್ಟು ಒಬ್ಬ ಹುಡುಗನನ್ನು ಇಟ್ಟೆ. ಅವನು ಸೈಕಲ್ ಪಕ್ಕದಲ್ಲಿ ಓಡಿಸುತ್ತಿದ್ದ. ಎರಡನೇ ತಿಂಗಳಿಗೆ ಬಲ ಮುಂಗಾಲು ಬೆಳಿಗ್ಗೆ ಎದ್ದಾಗ ಕುಂಟು. ಡಾಕ್ಟರು ಒತ್ತಿ ನೋಡಿ ಎರಡು ವಾರ ರೆಸ್ಟ್ ಅಂದರು. ಆಮೇಲೆ ಹಳೇ ಟ್ರೆಡ್‌ಮಿಲ್ ಒಂದು, ಮನುಷ್ಯರದ್ದೇ, 14 ಸಾವಿರಕ್ಕೆ ಸಿಕ್ಕಿತು. ಮಳೆಗಾಲ ಬಂದರೆ ಧಾರವಾಡದಲ್ಲಿ ವಾರಗಟ್ಟಲೆ ಜಿಟಿಜಿಟಿ, ಒಳಗೇ ಓಡಿಸಬಹುದು ಅನ್ನುವ ಲೆಕ್ಕ. ಮುಧೋಳ ನಾಯಿಯ ಹೆಜ್ಜೆಗೆ ಆ ಪಟ್ಟಿ ಗಿಡ್ಡ. ಮರಿ ಒಂದೋ ಪಕ್ಕಕ್ಕೆ ಜಿಗಿಯುತ್ತಿತ್ತು, ಇಲ್ಲವೇ ಮುಂದಿನ ಹಿಡಿಕೆಗೆ ಮೂತಿ ಗುದ್ದಿಕೊಳ್ಳುತ್ತಿತ್ತು. 8 ಸಾವಿರಕ್ಕೆ ಮಾರಿದೆ. ತೆಗೆದುಕೊಂಡವರು ಅದರ ಮೇಲೆ ಈಗ ಬಟ್ಟೆ ಒಣಹಾಕುತ್ತಾರಂತೆ. ಹಗಲು ನಾಯಿ ನೋಡಿಕೊಳ್ಳುವ ಒಂದು ಕಡೆಯೂ ಬಿಟ್ಟು ನೋಡಿದೆ, ದಿನಕ್ಕೆ 400. ಅಲ್ಲಿಂದ ಕೆಮ್ಮು ಹಚ್ಚಿಕೊಂಡು ಬಂತು. ಔಷಧಿಗೆ ಮತ್ತೆ 1,800. ಎಲ್ಲ ಸೇರಿ 20 ಸಾವಿರದ ಹತ್ತಿರ ನೀರಲ್ಲಿ ಹೋಮ.

ಎರಡು ವಾರದ ಆ ರೆಸ್ಟಿನಲ್ಲೇ ದಾರಿ ಇತ್ತು, ನನಗೆ ಹೊಳೆದದ್ದು ಇದೆಲ್ಲ ಆದ ಮೇಲೆ. ಮರಿಗೆ ಓಟವಿಲ್ಲ, ಮೂರು ದಿನ ಮನೆ ರಣರಂಗ. ನಾಲ್ಕನೇ ದಿನದಿಂದ ಅದು ಮಲಗಲು ಶುರು ಮಾಡಿತು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗೀಚಿಡುತ್ತಿದ್ದೆ: ಎಷ್ಟು ಮಲಗಿತು, ಸಂಜೆ ಎಷ್ಟು ಕಚ್ಚಿತು. ಹಿಂದೆ ಜಾಸ್ತಿ ಓಡಿಸಿದ ದಿನಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಯೂ ನಿದ್ದೆ ಇರಲಿಲ್ಲ. ರೆಸ್ಟಿನಲ್ಲಿ ಹದಿನೇಳು ಹದಿನೆಂಟು ಗಂಟೆಗೆ ಬಂತು. ಕಚ್ಚುವುದು ಅರ್ಧಕ್ಕೆ ಅರ್ಧ ಕಮ್ಮಿ. ಸಂಜೆಯ ಹುಚ್ಚು ಓಟ ಶಕ್ತಿ ಉಳಿದದ್ದಕ್ಕೆ ಬರುವುದಲ್ಲ, ನಿದ್ದೆಗೆಟ್ಟದ್ದಕ್ಕೆ ಬರುವುದು. ನಿದ್ದೆ ಬಂದ ಕೂಸು ರಚ್ಚೆ ಹಿಡಿಯುತ್ತದೆ ಅಲ್ವಾ, ಅದೇ. ನಾವು ಅದನ್ನು ನೋಡಿ ಮತ್ತೆ ಹಗ್ಗ ಹಿಡಿದು ಹೊರಡುತ್ತೇವೆ.

ಅಲ್ಲಿಂದ ಮೊದಲು ನಿದ್ದೆ ಸರಿಮಾಡಿದೆ. 4,500ಕ್ಕೆ ಕಬ್ಬಿಣದ ಕ್ರೇಟ್, ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆ, ಮೇಲೆ ಹಳೇ ಚಾದರ. ಊಟ, ಸ್ವಲ್ಪ ಆಟ, ಒಳಗೆ. ಸಂಜೆ ಆರೂವರೆಗೆ ಕಣ್ಣು ಕೆಂಪಾಗುವ ಮೊದಲೇ ಒಳಗೆ. ಹುಚ್ಚು ಶುರುವಾದ ಮೇಲೆ ಹಾಕಿದರೆ ಅರ್ಧ ಗಂಟೆ ಕೂಗುತ್ತದೆ, ಮೊದಲೇ ಹಾಕಿದರೆ ಐದು ನಿಮಿಷ.

ಆಮೇಲೆ ಓಟ. "ವಯಸ್ಸಿನ ತಿಂಗಳಿಗೆ 5 ನಿಮಿಷ" ಅನ್ನುವ ಲೆಕ್ಕ ಎಲ್ಲರೂ ಹೇಳುತ್ತಾರೆ. ಅದರ ಹಿಂದೆ ಗಟ್ಟಿ ಸಂಶೋಧನೆ ಏನಿಲ್ಲ, ಅಡ್ಡಾದಿಡ್ಡಿ ನಡೆಸಬಾರದು ಅನ್ನುವುದಕ್ಕೆ ಒಂದು ಬೇಲಿ ಅಷ್ಟೇ. ನಾನು ಅದನ್ನು ಹಗ್ಗ ಹಿಡಿದ ನಡಿಗೆಗೆ ಮಾತ್ರ ಇಟ್ಟುಕೊಂಡೆ. ಬಿಟ್ಟ ಓಟದ ಲೆಕ್ಕ ಬೇರೆ. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್‌ನಂಥ ದೊಡ್ಡ ಮರಿಗಳನ್ನು ಹುಟ್ಟಿದಾಗಿನಿಂದ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿಳಿದವಕ್ಕೆ ಸೊಂಟದ ತೊಂದರೆ ಜಾಸ್ತಿ, ಮೆತ್ತನೆ ಏರುತಗ್ಗು ನೆಲದಲ್ಲಿ ಹಗ್ಗವಿಲ್ಲದೆ ಆಡಿದವಕ್ಕೆ ಕಮ್ಮಿ. ನಮ್ಮದು ಆ ತಳಿ ಅಲ್ಲ, ಆದರೂ ನನಗೆ ಅಷ್ಟು ಸಾಕಿತ್ತು.

ಹಾಗಾದರೆ ನೆಲ ಎಲ್ಲಿ? ಇಲ್ಲೇ ನನ್ನ ಮುಕ್ಕಾಲು ಶ್ರಮ ಹೋದದ್ದು. ಗೆಳೆಯನ ಎರಿ ಹೊಲ (ಕಪ್ಪು ಮಣ್ಣಿನದು) ಖಾಲಿ ಇತ್ತು, ಹಿಂಗಾರಿ ಜೋಳ ಕೊಯ್ದಿದ್ದರು. ಬಿಟ್ಟೆ. ಕೂಳೆ ಚುಚ್ಚಿ ಅಂಗಾಲಿನ ಮೆತ್ತೆ ಹರಿಯಿತು. ಅದು ವಾಸಿಯಾಗುವಷ್ಟರಲ್ಲಿ ಬಿಸಿಲು ಏರಿ ಎರಿ ನೆಲ ಬಿರುಕು ಬಿಟ್ಟಿತ್ತು. ಒಂದು ಬಿರುಕಿಗೆ ಕೈ ಇಳಿಸಿ ನೋಡಿದೆ. ಮೊಣಕೈವರೆಗೆ ಹೋಯಿತು. ಅಗಲ ಸರಿಯಾಗಿ ಮರಿಯ ಪಾದದಷ್ಟು. ಪೂರ್ತಿ ವೇಗದಲ್ಲಿ ಓಡುವಾಗ ಅದರೊಳಗೆ ಕಾಲು ಇಳಿದರೆ ಎಲುಬು ಲಟಕ್ ಅನ್ನುವುದೇ. ಮಳೆ ಬಿದ್ದ ಮೇಲೆ ಅದೇ ನೆಲ ಕಾಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿಸುತ್ತದೆ. ಎರಿ ಹೊಲ ಇದ್ದವರು ದಯವಿಟ್ಟು ನೋಡಿಕೊಂಡು ಬಿಡಿ.

ಕೊನೆಗೆ ಸಿಕ್ಕಿದ್ದು ಕೆಲಗೇರಿ ಕಡೆಯ ಒಂದು ಮಾವಿನ ತೋಪು. ಮಸಾರಿ ನೆಲ (ಕೆಂಪು ಮಣ್ಣು), ಕುಂಟೆ ಹೊಡೆದು ಬಿಟ್ಟಿದ್ದರು, ಕಾಲಿಟ್ಟರೆ ನಾಲ್ಕು ಬೆರಳು ಇಳಿಯುತ್ತದೆ. ಆಪೂಸ್ ಸಾಲುಗಳ ನಡುವೆ ನೆರಳು. ಕಾವಲುಗಾರನಿಗೆ ತಿಂಗಳಿಗೆ 500. ಒಂದು ಬದಿ ಬೇಲಿ ಹರಿದಿತ್ತು, ಜಾಳಿಗೆ ಹಾಕಿಸಲು 6 ಸಾವಿರ. ಇದು ಮಾತ್ರ ಬಿಡಬೇಡಿ. ಮುಧೋಳ ಕಣ್ಣಿಂದ ಬೇಟೆಯಾಡುವ ನಾಯಿ, ದೂರದಲ್ಲಿ ಮೇಕೆ ಅಲುಗಿದರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ತೋಪಿನಲ್ಲಿ ನಾನು ಏನೂ ಮಾಡುವುದಿಲ್ಲ. ಹಗ್ಗ ಬಿಚ್ಚಿ ಗಿಡದ ಕೆಳಗೆ ಕೂರುತ್ತೇನೆ. ಅದೇ ಓಡುತ್ತದೆ, ಅದೇ ನಿಲ್ಲುತ್ತದೆ, ಮೂಸುತ್ತದೆ, ಮತ್ತೆ ಓಡುತ್ತದೆ. ಚೆಂಡು ಎಸೆಯುವುದಿಲ್ಲ. ಚೆಂಡಿದ್ದರೆ ನಿಲ್ಲಬೇಕಾದ ಮರಿಯೂ ನಿಲ್ಲುವುದಿಲ್ಲ. ಸಾಕಾಯಿತು ಅನ್ನುವುದಕ್ಕೆ ಗುರುತುಗಳಿವೆ: ನಾಲಗೆಯ ತುದಿ ಅಗಲವಾಗುತ್ತದೆ, ತುಟಿ ಹಿಂದಕ್ಕೆ ಸರಿದು ದವಡೆ ಹಲ್ಲು ಕಾಣುತ್ತದೆ, ಹಿಂಗಾಲು ಎರಡೂ ಒಟ್ಟಿಗೆ ಕುಪ್ಪಳಿಸಲು ಶುರುವಾಗುತ್ತದೆ. ಇದಕ್ಕೂ ಮೊದಲು ಕಿವಿಯಲ್ಲಿ ಒಂದು ಗುರುತು ಬರುತ್ತದೆ. ಅದನ್ನು ಬರೆಯುವುದಿಲ್ಲ. ನೀವೂ ಗಿಡದ ಕೆಳಗೆ ಕೂತು ನೋಡಿ, ಸಿಗುತ್ತದೆ.

ಅಂದಾಜು ಲೆಕ್ಕ ಹೀಗಿತ್ತು. ನಾಲ್ಕರಿಂದ ಆರು ತಿಂಗಳಲ್ಲಿ ಇದೆಲ್ಲ ನನಗೆ ಗೊತ್ತಿದ್ದರೆ ಹಗ್ಗದಲ್ಲಿ 15-20 ನಿಮಿಷ, ತೋಪಿನಲ್ಲಿ ಹತ್ತು ಹನ್ನೆರಡು ನಿಮಿಷ ಕೊಡುತ್ತಿದ್ದೆ. ಆರರಿಂದ ಒಂಬತ್ತು, ಇದೇ ಅತಿ ಕಷ್ಟದ ಕಾಲ, ಹಗ್ಗದಲ್ಲಿ 25, ತೋಪಿನಲ್ಲಿ 15-20. ಒಂಬತ್ತು ದಾಟಿದ ಮೇಲೆ ಹಗ್ಗದಲ್ಲಿ ಅರ್ಧ ಗಂಟೆ ಮೇಲೆ ಸ್ವಲ್ಪ, ತೋಪಿಗೆ ದಿನ ಬಿಟ್ಟು ದಿನ. ಎಲ್ಲ ಸೇರಿ ಒಂದು ಗಂಟೆ ದಾಟಿದ ದಿನ ಕಮ್ಮಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸುತ್ತಿದ್ದೆ. ಊಟ ಆದ ಮೇಲೆ ಒಂದೂವರೆ ಗಂಟೆ ಓಟವಿಲ್ಲ.

ಉಳಿದ ಹೊತ್ತು ಮೂಗಿಗೆ ಕೆಲಸ. ಕಣ್ಣಿನ ನಾಯಿಗೆ ಮೂಗಿನ ಆಟ ಯಾಕೆ ಅಂತ ನಕ್ಕರು. ಒಣ ರೊಟ್ಟಿ ಚೂರು ಮಾಡಿ ಗೋಣಿಚೀಲದ ಮಡಿಕೆಗಳಲ್ಲಿ ಇಟ್ಟು ಗಂಟು ಕಟ್ಟಿಕೊಟ್ಟರೆ ಇಪ್ಪತ್ತು ನಿಮಿಷ ಮನೆ ಶಾಂತ. ಶೇಂಗಾ ಹೊಟ್ಟಿನ ರಾಶಿಯಲ್ಲಿ ಬೇಯಿಸಿದ ಕೋಳಿ ಚೂರು ಹುಗಿಸಿಯೂ ನೋಡಿದೆ. ಆಟ ಚೆನ್ನಾಗಿತ್ತು, ಹೊಟ್ಟು ತಿಂದು ವಾಂತಿ ಮಾಡಿತು. ಈಗ ಬರೀ ಒಣ ಎಲೆ. ಬಿದಿರು ಕೋಲಿಗೆ ಸೈಕಲ್ ಟ್ಯೂಬ್, ಅದರ ತುದಿಗೆ ಅರಿವೆ ಕಟ್ಟಿ ಬೇಟೆ ಆಟದ ಕೋಲೂ ಮಾಡಿದೆ. ಖರ್ಚು 60 ರೂಪಾಯಿ. ಟ್ರೆಡ್‌ಮಿಲ್‌ಗಿಂತ ನೂರು ಪಾಲು ಮೇಲು. ಆದರೆ ಅರಿವೆ ನೆಲ ಬಿಟ್ಟು ಏಳಬಾರದು, ಗರಗರ ಸುತ್ತಿಸಬಾರದು, ಮೂರು ನಾಲ್ಕು ನಿಮಿಷಕ್ಕೆ ಮುಗಿಸಬೇಕು. ಕೊನೆಗೆ ಅರಿವೆ ಅದರ ಬಾಯಿಗೆ ಸಿಗಲೇಬೇಕು, ಇಲ್ಲದಿದ್ದರೆ ರಾತ್ರಿಯಿಡೀ ಹುಡುಕುತ್ತದೆ. ಅರಿವೆಗೆ ನಾನು ಏನು ಸವರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಊಟದ ಬಗ್ಗೆ ಎರಡೇ ಮಾತು. ಕ್ಯಾಲ್ಸಿಯಂ ಪುಡಿ ನಿಲ್ಲಿಸಿದೆ. ಬೆಳೆಯುವ ಮರಿಗೆ ಜಾಸ್ತಿಯಾದರೆ ಎಲುಬಿಗೇ ಕೇಡು. ಪಪ್ಪಿ ಫುಡ್ ಇದ್ದ ಮೇಲೆ ಅದು ಬೇಕಿಲ್ಲ. ಮೈ ತೆಳ್ಳಗೆ ಇಟ್ಟೆ, ಹಿಂದಿನ ಮೂರು ಪಕ್ಕೆಲುಬು ಕಾಣುವಷ್ಟು. ಎದುರುಮನೆ ಅಜ್ಜಿ ದಿನಾ ಕೇಳುತ್ತಿದ್ದರು: "ಏನಪಾ, ಅದಕ್ಕ ಹೊಟ್ಟಿಗಿ ಹಾಕ್ತೀಯೋ ಇಲ್ಲೋ?"

ಅತಿ ಜೋರು ವಿರೋಧ ಮಾಡಿದವರು ಮುಧೋಳ ಕಡೆಯ ಒಬ್ಬ ಕಾಕಾ. ಮೂರು ತಲೆಮಾರಿನಿಂದ ಮನೆಯಲ್ಲಿ ಈ ನಾಯಿ. "ನಮ್ಮ ಮರಿ ಮೂರ ತಿಂಗಳಿಗೆ ಹೊಲದಾಗ ಓಡತಾವ, ನೀ ಏನ ನಿಮಿಷ ಎಣಸ್ತಿ?" ಅಂದರು. ಅವರ ಹೊಲಕ್ಕೇ ಹೋಗಿ ಒಂದು ದಿನ ಕೂತೆ. ಮರಿಗಳು ಓಡುತ್ತವೆ, ನಿಜ. ಎರಡು ನಿಮಿಷ ಓಡಿ ಚಕ್ಕಡಿ (ಎತ್ತಿನ ಗಾಡಿ) ಕೆಳಗೆ ಎರಡು ತಾಸು ಮಲಗುತ್ತವೆ. ಕುತ್ತಿಗೆಗೆ ಹಗ್ಗವಿಲ್ಲ, ಕಾಲ ಕೆಳಗೆ ಡಾಂಬರಿಲ್ಲ, ಓಡು ಅಂತ ಯಾರೂ ಹೇಳುವುದಿಲ್ಲ. "ಕಾಕಾ, ನಾನು ಮಾಡಾಕತ್ತಿದ್ದು ಇದನ್ನ" ಅಂದೆ. "ಹಂಗಾರ ಮೊದಲ ಹೇಳಬಾರದಾ?" ಅಂದರು. ಹಳ್ಳಿಯವರ ಪದ್ಧತಿ ಸರಿಯಾಗೇ ಇದೆ. ಪೇಟೆಗೆ ತರುವಾಗ ನಾವು ಓಟ ಮಾತ್ರ ತಂದೆವು, ಚಕ್ಕಡಿ ನೆರಳು ಅಲ್ಲೇ ಬಿಟ್ಟು ಬಂದೆವು.

ಎಕ್ಸ್‌ರೇಗೆ, ಮಂಪರು ಮದ್ದು ಸೇರಿ, 2,200 ಆಯಿತು. ಆ ಫಿಲ್ಮ್ ನೋಡಿದ ಮೇಲೆಯೇ ವೇಗದ ಓಟಕ್ಕೆ ಬಿಡುತ್ತಿದ್ದೇನೆ, ವಾರಕ್ಕೆ ಎರಡು ಮೂರು ಸಲ. ಸೈಕಲ್ ಪಕ್ಕದ ಓಟವನ್ನು ಈ ಚಳಿಗಾಲಕ್ಕೆ ಮತ್ತೆ ಶುರು ಮಾಡಬೇಕು, ಮೊದಲು ಒಂದು ಕಿಲೋಮೀಟರ್, ಮಸಾರಿ ದಾರಿಯಲ್ಲೇ. ಈ ಸಲ ಸೈಕಲ್ ತುಳಿಯುವುದು ನಾನೇ.