ಓವೆರ್ ಚರ್ಚಿನ ಚಿತ್ರ: ನೋಡುವುದು ಹೇಗೆ?

ಫ್ರಾನ್ಸಿನ ಓವೆರ್ ಹಳ್ಳಿಯಲ್ಲಿ ವಿನ್ಸೆಂಟ್ ವ್ಯಾನ್ ಗೋ ಬರೆದ ‘ಓವೆರ್‌ನ ಚರ್ಚು’ ಪೇಂಟಿಂಗ್ ತೋರಿಸಿದರೆ ಸಾಕು, "ಪಾಪ, ಸಾಯೋಕೆ ಮುಂಚೆ ಬರೆದದ್ದು, ಅದಕ್ಕೇ ಹೀಗಿದೆ" ಅಂದುಬಿಡುತ್ತಾರೆ. ಅಲ್ಲಿಗೆ ನೋಡುವುದು ಮುಗಿಯಿತು. ನನಗೆ ಸಂಕಟವಾಗುತ್ತದೆ. 1890ರ ಜೂನ್‌ನಲ್ಲಿ ಬರೆದ, ಜುಲೈ 29ರಂದು ತೀರಿಕೊಂಡ, ನಿಜ. ಆದರೆ ಮೊದಲ ಹತ್ತು ನಿಮಿಷ ಆ ತಾರೀಖನ್ನು ಪಕ್ಕಕ್ಕಿಡಿ.

ಹಂತ 1: ಒಳ್ಳೆಯ ಪ್ರತಿ ಹುಡುಕಿ. ಮೂಲಚಿತ್ರ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನದನ್ನೇ ದೊಡ್ಡದು ಮಾಡಿ ನೋಡಿ. ಅಗ್ಗದ ಪೋಸ್ಟರ್ ಬೇಡವೇ ಬೇಡ. ನಾನು ತಂದದ್ದರಲ್ಲಿ ನೀಲಿಯೆಲ್ಲ ಕಪ್ಪಾಗಿತ್ತು.

ಹಂತ 2: ಕಲಾವಿದ ನಿಂತದ್ದೆಲ್ಲಿ? ಚರ್ಚಿನ ಹಿಂಬದಿಗೆ. ಬಾಗಿಲು ಕಾಣದ್ದಕ್ಕೆ ‘ದೇವರು ಕೈಬಿಟ್ಟ’ ಅಂತ ಅರ್ಥ ಹಚ್ಚುವವರಿದ್ದಾರೆ. ಗರ್ಭಗುಡಿಯ ಹಿಂದೆ ನಿಂತರೆ ನಮಗೆ ಮಹಾದ್ವಾರ ಕಾಣುತ್ತದಾ?

ಹಂತ 3: ಬೆಳಕು. ಎಲ್ಲರೂ ಎಡವುವುದು ಇಲ್ಲೇ, ಅವಸರ ಬೇಡ. ಅಂಗೈಯಿಂದ ಆಕಾಶ ಮುಚ್ಚಿ. ಕೆಳಗೆ ಹುಲ್ಲಿನ ಮೇಲೆ, ಮರಳು ದಾರಿಯ ಮೇಲೆ ಬಿಸಿಲು. ಈಗ ಕೆಳಭಾಗ ಮುಚ್ಚಿ. ಮೇಲೆ ಕಡುನೀಲಿ, ರಾತ್ರಿಯೇ ಅನ್ನಬೇಕು. ಈ ಎರಡರ ನಡುವೆ ಚರ್ಚು ತನ್ನದೇ ನೆರಳಲ್ಲಿ ನಿಂತಿದೆ. ಇನ್ನು ಗೋಥಿಕ್ ಶೈಲಿಯ ಚೂಪು ಕಮಾನಿನ ಕಿಟಕಿಗಳಿಗೆ ಬನ್ನಿ. ಒಳಗೆ ದೀಪವಿಲ್ಲ. ಗಾಜಿನಲ್ಲೂ ನೀಲಿಯೇ. 13ನೇ ಶತಮಾನದ ಆ ಕಲ್ಲುಗೋಡೆ ತೂತಾಗಿ ಆಚೆಯ ಆಕಾಶ ಕಂಡ ಹಾಗಿದೆ. ಆಮೇಲೆ ಚಾವಣಿಯ ಅಂಚಿನ ಮೇಲೆ ನಿಧಾನಕ್ಕೆ ಬೆರಳಾಡಿಸಿ. ಪಕ್ಕದಲ್ಲಿ ನಿಜವಾದ ಚರ್ಚಿನ ಫೋಟೊ ಇರಲಿ. ಫೋಟೊದಲ್ಲಿ ನೇರವಾಗಿರುವ ಗೆರೆ ಇಲ್ಲಿ ಬಳುಕುತ್ತದೆ. ಕೆಳಗಿನ ದಾರಿಯೂ ಹಾಗೇ ಬಳುಕುತ್ತಿದೆ, ಅಲ್ವಾ? ಕಲ್ಲನ್ನೂ ಮಣ್ಣನ್ನೂ ಒಂದೇ ಕೈ ಎಳೆದಿದೆ. ಸುಮ್ನೆ ‘ತಲೆ ಕೆಟ್ಟಿತ್ತು’ ಅನ್ನಬೇಡಿ.

ಹಂತ 4: ಎಡದಾರಿಯಲ್ಲಿ ಬೆನ್ನು ತಿರುಗಿಸಿ ನಡೆಯುತ್ತಿರುವ ಹೆಂಗಸು. ಚರ್ಚಿನ ಎತ್ತರ ಅವಳಿಂದ ಗೊತ್ತಾಗುತ್ತದೆ.

ಹಂತ 5: ಕೊನೆಗೆ ಪತ್ರ. ಮೊದಲೇ ಓದಿದರೆ ನಿಮ್ಮ ಕಣ್ಣು ಕೆಲಸ ಮಾಡುವುದಿಲ್ಲ. ವಿವರಣೆಯ ವಿಡಿಯೊಗಳೂ ಅಷ್ಟೇ, ಆಮೇಲೆ ನೋಡಿ. ತಂಗಿ ವಿಲ್‌ಗೆ ವಿನ್ಸೆಂಟ್ ಈ ಚಿತ್ರದ ಬಗ್ಗೆ ಬರೆದಿದ್ದಾನೆ. ಅಚ್ಚ ಕೋಬಾಲ್ಟ್ ನೀಲಿಯ ಎದುರು ಕಟ್ಟಡ ನೇರಳೆಯಾಗಿ ಕಾಣುತ್ತದೆ, ಚಾವಣಿ ನೇರಳೆ, ಒಂದಷ್ಟು ಕಿತ್ತಳೆ, ಮರಳಿನ ಮೇಲೆ ಗುಲಾಬಿ ಬಿಸಿಲು ಅನ್ನುತ್ತಾನೆ. ಹಿಂದೆ ನೆದರ್ಲೆಂಡ್ಸ್‌ನ ನ್ಯೂನೆನ್ ಹಳ್ಳಿಯಲ್ಲಿ ಹಳೇ ಗೋಪುರ ಬರೆದದ್ದನ್ನು ನೆನೆದು, ಈ ಸಲ ಬಣ್ಣ ಇನ್ನೂ ಜಾಸ್ತಿ ಹೇಳುತ್ತಿದೆ ಅನ್ನುತ್ತಾನೆ. ಪತ್ರ ಮಡಚಿಟ್ಟು ಚಿತ್ರಕ್ಕೆ ವಾಪಸ್ ಬನ್ನಿ. ಆ ಕಿತ್ತಳೆ ಚಾವಣಿಯಲ್ಲಿ ಎಲ್ಲೆಲ್ಲಿದೆ ಅಂತ ಹುಡುಕಿ.